ಬೆವರಿಗೆ ತೆರಿಗೆ, ಬೇಲಿಗೆ ರಿಯಾಯಿತಿ

ಹಾನಗಲ್ಲಿನಿಂದ ಅಕ್ಕಿಆಲೂರಿನ ಕಡೆಗೆ ಹೊರಟರೆ, ಊರು ಮುಗಿದು ಭತ್ತದ ಗದ್ದೆಗಳು ಶುರುವಾಗುವ ಮೊದಲು ಒಂದು ಮೂರನೆಯ ಬಗೆಯ ಭೂಮಿ ಸಿಗುತ್ತದೆ. ಅದು ಊರೂ ಅಲ್ಲ, ಹೊಲವೂ ಅಲ್ಲ. ಸುಣ್ಣ ಬಳಿದ ಮೋಟು ಕಲ್ಲುಗಳು, ಕಲ್ಲಿನ ಮೇಲೆ ಕೆಂಪು ಬಣ್ಣದ ಅಂಕಿಗಳು, ನಡುವೆ ಆಳೆತ್ತರ ಹುಲ್ಲು. ಅಲ್ಲಿ ಯಾರೂ ವಾಸಿಸುವುದಿಲ್ಲ, ಯಾರೂ ಬಿತ್ತುವುದಿಲ್ಲ. ಸಂಜೆ ಹೊತ್ತು ಆಡು ಮೇಯಿಸುವ ಹುಡುಗರು ಮಾತ್ರ ಅಲ್ಲಿಯ ಖಾಯಂ ನಿವಾಸಿಗಳು. ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಹೊರವಲಯದಲ್ಲೂ ಇಂಥ ಕಲ್ಲುಗಳನ್ನು ಕಾಣದವರು ಯಾರಿದ್ದಾರೆ?

ಆ ಕಲ್ಲುಗಳಲ್ಲಿ ನಾಲ್ಕು ನಮ್ಮವು. 2012ರಲ್ಲಿ ನಮ್ಮ ಮನೆಯವರ ಬಳೆ ಮಾರಿ, ಉಳಿದದ್ದನ್ನು ಕೈಗಡ ತಂದು, ಮೂರು ಲಕ್ಷಕ್ಕೆ ಕೊಂಡ ಪ್ಲಾಟು ಅದು. ಮನೆ ಕಟ್ಟಬೇಕೆಂದೇ ಕೊಂಡೆವು. ಆಮೇಲೆ ಹಿರಿಯರ ಮನೆಯಲ್ಲಿ ಪಾಲು ಬಂತು, ಅಲ್ಲೇ ಉಳಿದೆವು. ಪ್ಲಾಟು ಹಾಗೆಯೇ ಬಿದ್ದಿತು. ಬಿದ್ದುಕೊಂಡೇ ಬೆಳೆಯಿತು. ಈಗ ಅದಕ್ಕೆ ಹನ್ನೆರಡು ಲಕ್ಷ ಬರುತ್ತದೆಂದು ದಲ್ಲಾಳಿಗಳು ಹೇಳುತ್ತಾರೆ.

ನಮ್ಮ ಓಣಿಯಲ್ಲಿ ಒಬ್ಬ ಗೌಂಡಿ ಇದ್ದಾನೆ. ಊರಿನ ಅರ್ಧ ಮನೆಗಳ ಗೋಡೆ ಅವನ ಕೈಯವು. ಅವನು ಇರುವುದು ಬಾಡಿಗೆಯ ಒಂದೂವರೆ ಕೋಣೆಯಲ್ಲಿ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ದಿನ ಬಂದು, "ಆ ಜಾಗಾದಾಗ ನೀವಂತೂ ಮನಿ ಕಟ್ಟೂದಿಲ್ಲ, ನನಗರ ಕೊಡ್ರಿ, ಕಂತಿನಾಗ ತೀರಸ್ತೀನಿ" ಎಂದ. ನಾವು ಈಗಿನ ಬೆಲೆ ಹೇಳಿದೆವು. ಅವನು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಇಷ್ಟು ವರ್ಷ ನಾ ದುಡಿದೆ. ನೀವೂ ದುಡಿದ್ರಿ. ಆ ಜಾಗಾ ಏನ ದುಡೀತ್ರೀ ಸಾಹೇಬ್ರ?"

ಈ ಪ್ರಶ್ನೆಗೆ ಆವತ್ತು ನಾವು ನಕ್ಕು ಚಹಾ ಕೊಟ್ಟು ಕಳಿಸಿದೆವು. ಆದರೆ ಪ್ರಶ್ನೆ ಮನೆಯಲ್ಲೇ ಉಳಿಯಿತು. ನಮ್ಮ ದೇಶದ ತೆರಿಗೆಯ ಕಾನೂನು ಇದಕ್ಕೆ ಏನು ಉತ್ತರ ಕೊಡುತ್ತದೆ ಎಂದು ಹುಡುಕಲು ಕುಳಿತೆವು. ಈ ಲೇಖನ ಆ ಹುಡುಕಾಟದ ಫಲ.

ಮೊದಲು ನಮ್ಮದೇ ಲೆಕ್ಕ ನೋಡೋಣ. ಆ ಪ್ಲಾಟು ಮಾರಿದರೆ ನಮಗೆ ಒಂಬತ್ತು ಲಕ್ಷ ಲಾಭ. ಇದನ್ನು ಕಾನೂನು ದೀರ್ಘಾವಧಿ ಬಂಡವಾಳ ಲಾಭ ಎನ್ನುತ್ತದೆ. 2024ರ ಜುಲೈ ಬಜೆಟ್ಟಿನಲ್ಲಿ ಇದರ ತೆರಿಗೆಯನ್ನು ಶೇ. 12.5ಕ್ಕೆ ಇಳಿಸಿದರು. ಸೆಸ್ ಬಿಟ್ಟರೆ 1,12,500 ರೂಪಾಯಿ. ಅದಕ್ಕೆ ಮುಂಚೆ ದರ ಶೇ. 20 ಇತ್ತು; ಹಣದುಬ್ಬರದ ಪಾಲನ್ನು ಲಾಭದಿಂದ ಕಳೆದುಕೊಳ್ಳುವ ಅನುಕೂಲವೂ ಇತ್ತು. ಆ ಅನುಕೂಲ ತೆಗೆದದ್ದಕ್ಕೆ ಗದ್ದಲವಾದಾಗ, 2024ರ ಜುಲೈ 23ಕ್ಕೆ ಮುಂಚೆ ಜಮೀನು ಅಥವಾ ಕಟ್ಟಡ ಕೊಂಡ ವ್ಯಕ್ತಿಗಳು ಹಳೆಯ ಲೆಕ್ಕ, ಹೊಸ ಲೆಕ್ಕ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು ಎಂದು ತಿದ್ದಿದರು. ಇನ್ನು ಮಾರಿದ ಹಣವನ್ನೆಲ್ಲ ಹಾಕಿ ಎರಡು ವರ್ಷದೊಳಗೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ತೆರಿಗೆಯೇ ಇಲ್ಲ. ಅದಾಗಲೇ ನಮಗೆ ಇನ್ನೊಂದು ಮನೆ ಇದ್ದರೂ ಅಡ್ಡಿಯಿಲ್ಲ.

ಈ ವಿನಾಯಿತಿಯ ಉದ್ದೇಶ ಒಳ್ಳೆಯದು. ಒಂದು ಊರಿನ ಮನೆ ಮಾರಿ ಇನ್ನೊಂದು ಊರಲ್ಲಿ ಮನೆ ಮಾಡುವ ಸಂಸಾರ ನಿಜವಾಗಿ ಏನನ್ನೂ ಗಳಿಸಿರುವುದಿಲ್ಲ; ಸೂರಿಗೆ ಸೂರು ಬದಲಾಯಿತು ಅಷ್ಟೆ. ಆದರೆ 2023ರವರೆಗೆ ಈ ವಿನಾಯಿತಿಗೆ ಮೇಲ್ಮಿತಿಯೇ ಇರಲಿಲ್ಲ. ಆ ವರ್ಷದ ಬಜೆಟ್ಟಿನಲ್ಲಿ ಮಿತಿ ಹಾಕಿದರು. ಎಷ್ಟು? ಹತ್ತು ಕೋಟಿ. ಮಿತಿಯೇ ಹತ್ತು ಕೋಟಿ ಎಂದ ಮೇಲೆ, ಅದು ಇಲ್ಲದಿದ್ದ ಕಾಲದಲ್ಲಿ ಈ ಬಾಗಿಲಿನಿಂದ ಯಾರು ಯಾರು ದಾಟಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ಇನ್ನು ದುಡಿಮೆಯ ಕಡೆ ನೋಡೋಣ. 2025ರ ಬಜೆಟ್ಟಿನಿಂದ ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ನಮ್ಮಂಥ ಮೇಷ್ಟ್ರುಗಳಿಗೆ ಇದು ದೊಡ್ಡ ನಿರಾಳ, ಅದನ್ನು ಮುಚ್ಚಿಡಬಾರದು. ಆದರೆ ಹುಬ್ಬಳ್ಳಿಯಲ್ಲಿ ರಾತ್ರಿಯೆಲ್ಲ ಹೆರಿಗೆ ಮಾಡಿಸುವ ವೈದ್ಯೆಯೊಬ್ಬರು ವರ್ಷಕ್ಕೆ ನಲವತ್ತು ಲಕ್ಷ ದುಡಿದರೆ, 24 ಲಕ್ಷದ ಮೇಲಿನ ಪ್ರತಿ ರೂಪಾಯಿಗೆ 30 ಪೈಸೆ ಕೊಡಬೇಕು. ಅವರ ನೆರೆಯವರು ಹತ್ತು ಪ್ಲಾಟು ಹಿಡಿದಿಟ್ಟು ಅದೇ ನಲವತ್ತು ಲಕ್ಷ ಲಾಭ ಮಾಡಿದರೆ ರೂಪಾಯಿಗೆ ಹನ್ನೆರಡೂವರೆ ಪೈಸೆ. ನಿದ್ದೆಗೆಟ್ಟವರಿಗೆ ಒಂದು ದರ, ನಿದ್ದೆ ಮಾಡಿದವರಿಗೆ ಒಂದು ದರ.

ಗೌಂಡಿಗೆ ಆದಾಯ ತೆರಿಗೆ ಇಲ್ಲವಲ್ಲ, ಅವನಿಗೇನು ಅನ್ಯಾಯ ಎಂದು ಕೇಳಬಹುದು. ಅವನು ನಾಳೆ ಒಂದು ಕೋಣೆ ಕಟ್ಟಿಕೊಂಡರೆ ಸಿಮೆಂಟಿನ ಪ್ರತಿ ಚೀಲದ ಮೇಲೆ ಜಿಎಸ್‌ಟಿ ಕೊಡುತ್ತಾನೆ. 2025ರ ಸೆಪ್ಟೆಂಬರ್ 22ರವರೆಗೆ ಅದು ಶೇ. 28 ಇತ್ತು, ಆಮೇಲೆ ಶೇ. 18 ಆಯಿತು. ಪ್ಲಾಟು ನೋಂದಣಿಗೆ ಹೋದರೆ ಮುದ್ರಾಂಕ ಶುಲ್ಕ ಶೇ. 5, ಅದರ ಜೊತೆಗೆ 2025ರ ಆಗಸ್ಟ್ ಕೊನೆಯಲ್ಲಿ ಶೇ. 1ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ. ಅಲ್ಲಿ ಯಾರೂ ಅವನಿಗೆ ಇದು ಮೊದಲ ಸೂರೋ ಹತ್ತನೆಯದೋ ಎಂದು ಕೇಳುವುದಿಲ್ಲ.

ಬ್ಯಾಂಕಿನ ಸಾಲದ ವಿಷಯಕ್ಕೆ ಬರೋಣ. ಗೃಹಸಾಲದ ಬಡ್ಡಿಗೆ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ ಎರಡು ಲಕ್ಷದವರೆಗೆ ವಿನಾಯಿತಿ. ಬಾಡಿಗೆಗೆ ಕೊಟ್ಟ ಮನೆಯಾದರೆ ಬಡ್ಡಿಗೆ ಆ ಮಿತಿಯೂ ಇಲ್ಲ. 2017ಕ್ಕೆ ಮುಂಚೆ, ಬಾಡಿಗೆಗಿಂತ ಬಡ್ಡಿ ಹೆಚ್ಚಾಗಿ ಬಂದ 'ನಷ್ಟ'ವನ್ನೆಲ್ಲ ಸಂಬಳದ ಆದಾಯದಿಂದ ಕಳೆಯಬಹುದಿತ್ತು. ಸಾಲದ ಮೇಲೆ ಮನೆಗಳನ್ನು ಕೊಂಡಷ್ಟೂ ಸಂಬಳದ ತೆರಿಗೆ ಕರಗುತ್ತಿತ್ತು. ಆ ವರ್ಷ ವರ್ಷಕ್ಕೆ ಎರಡು ಲಕ್ಷದ ಮಿತಿ ಹಾಕಿ, ಉಳಿದ ನಷ್ಟವನ್ನು ಮುಂದಿನ ಎಂಟು ವರ್ಷ ಮನೆಯ ಆದಾಯದಲ್ಲೇ ಕಳೆದುಕೊಳ್ಳಿ ಎಂದರು. ಬಾಡಿಗೆಯ ಮೇಲೆ, ಒಂದು ಮೊಳೆ ಹೊಡೆಯದಿದ್ದರೂ, ದುರಸ್ತಿ ಇತ್ಯಾದಿ ಲೆಕ್ಕಕ್ಕೆ ಶೇ. 30 ಕಡಿತ ರಶೀದಿಯಿಲ್ಲದೆ ಸಿಗುತ್ತದೆ. ಹೊಸ ಪದ್ಧತಿಯಲ್ಲಂತೂ ವಿಚಿತ್ರ: ತಾನು ವಾಸಿಸುವ ಮನೆಗೆ ಸಾಲ ಮಾಡಿದವನಿಗೆ ಬಡ್ಡಿಯ ವಿನಾಯಿತಿ ಪೂರ್ತಿ ಹೋಯಿತು. ಬಾಡಿಗೆಗೆಂದು ಸಾಲ ಮಾಡಿ ಕೊಂಡವನಿಗೆ, ಬಾಡಿಗೆಯ ಮಟ್ಟಿಗೆ, ಉಳಿಯಿತು.

ಇದಕ್ಕೆ ಲೆಕ್ಕಪರಿಶೋಧಕರ ಉತ್ತರವಿದೆ, ಅದು ತಿಪ್ಪೆಗೆ ಎಸೆಯುವಂಥದ್ದಲ್ಲ. ಬಾಡಿಗೆ ಒಂದು ಆದಾಯ. ಆದಾಯಕ್ಕಾಗಿ ಮಾಡಿದ ಖರ್ಚನ್ನು ಕಳೆಯುವುದು ಎಲ್ಲ ವ್ಯಾಪಾರಕ್ಕೂ ಇರುವ ನಿಯಮ. ಸ್ವಂತ ಮನೆಯಿಂದ ಆದಾಯವಿಲ್ಲ, ಆದ್ದರಿಂದ ಖರ್ಚೂ ಇಲ್ಲ. ಸರಿ. ಆದರೆ ಬಾಡಿಗೆಗಾಗಿ ಮಾತ್ರ ಮನೆ ಕೊಳ್ಳುವವರು ಎಷ್ಟು ಜನ? ಬೆಲೆ ಏರಲಿ ಎಂದು ಕೊಳ್ಳುವವರೇ ಹೆಚ್ಚು. ಖರ್ಚನ್ನು ವರ್ಷ ವರ್ಷವೂ ಮಾಮೂಲಿ ದರದಲ್ಲಿ ಕಳೆದುಕೊಟ್ಟು, ಕೊನೆಗೆ ಬರುವ ದೊಡ್ಡ ಲಾಭವನ್ನು ಅರ್ಧಕ್ಕಿಂತ ಕಡಿಮೆ ದರದಲ್ಲಿ ಅಳೆಯುವುದು ಯಾವ ವ್ಯಾಪಾರದ ನ್ಯಾಯ? ಕೊಡುವಾಗ ಒಂದು ಸೇರು, ತೆಗೆದುಕೊಳ್ಳುವಾಗ ಇನ್ನೊಂದು ಸೇರು ಬಳಸುವ ಅಂಗಡಿಯವನನ್ನು ನಾವು ಸಂತೆಯಲ್ಲಿ ಹಿಡಿದು ಕೇಳುತ್ತೇವೆ.

ಇನ್ನೊಂದು ಮಾತು. ಸಾಲದ ಮೇಲಿನ ವಿನಾಯಿತಿ ಸಾಲ ಸಿಗುವವನಿಗೆ ಮಾತ್ರ. ಸಂಬಳದ ಚೀಟಿ ಇಲ್ಲದ ಗೌಂಡಿಗೆ ಬ್ಯಾಂಕಿನ ಬಾಗಿಲು ದೂರ. ಬಡ್ಡಿ ಬೇಡವೆಂದು ಚಿನ್ನ ಮಾರಿ, ಕೈಗಡ ಮಾಡಿ ಮನೆ ಕಟ್ಟುವ ನಮ್ಮ ಮೊಹಲ್ಲಾದ ಎಷ್ಟೋ ಸಂಸಾರಗಳಿಗೆ ಈ ವಿನಾಯಿತಿಯಿಂದ ಚಿಕ್ಕಾಸೂ ಇಲ್ಲ. ಕೈಗಡದ ಮೇಲೆ ಇರುವುದು ಋಣ, ಅದಕ್ಕೆ ಕಾಲಂ ಇಲ್ಲ.

ಖಾಲಿ ಬಿಟ್ಟ ಮನೆಗಳ ಕಥೆಯೂ ಹೀಗೇ. ಎರಡನೆಯ ಮನೆಗೆ ಬೀಗ ಹಾಕಿಟ್ಟರೂ ಅದರಿಂದ ಬರಬಹುದಾಗಿದ್ದ ಬಾಡಿಗೆಯನ್ನು ಅಂದಾಜು ಮಾಡಿ ತೆರಿಗೆ ಹಾಕುವ ಪದ್ಧತಿ ಹಿಂದೆ ಇತ್ತು. 2019ರಲ್ಲಿ ಎರಡನೆಯ ಮನೆಗೂ ಅದನ್ನು ಕೈಬಿಟ್ಟರು. 2025ರಲ್ಲಿ ಉಳಿದ ಷರತ್ತುಗಳನ್ನೂ ತೆಗೆದರು. 1957ರಿಂದ ಇದ್ದ ಸಂಪತ್ತು ತೆರಿಗೆ ಊರೊಳಗಿನ ಖಾಲಿ ನಿವೇಶನವನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ವಸೂಲಿ ಕಡಿಮೆ, ತಾಪತ್ರಯ ಹೆಚ್ಚು ಎಂದು 2015ರ ಬಜೆಟ್ಟಿನಲ್ಲಿ ಅದನ್ನೂ ರದ್ದು ಮಾಡಿದರು. 2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 2.46 ಕೋಟಿ ಕಟ್ಟಡಗಳು ಖಾಲಿ ಬಿದ್ದಿದ್ದವು. ಮರುವರ್ಷ ಕೇಂದ್ರ ಸರ್ಕಾರದ ತಜ್ಞರ ತಂಡ ಪಟ್ಟಣಗಳಲ್ಲಿ 1.87 ಕೋಟಿ ಮನೆಗಳ ಕೊರತೆ ಇದೆ ಎಂದು ಅಂದಾಜಿಸಿತು. ಆ ಕೊರತೆಯಲ್ಲಿ ಶೇ. 95ಕ್ಕೂ ಹೆಚ್ಚು ಪಾಲು ಬಡವರದು ಮತ್ತು ಕಡಿಮೆ ಆದಾಯದವರದು. ಬೀಗ ಹಾಕಿದ ಮನೆ ಮತ್ತು ಮನೆಯಿಲ್ಲದ ಮನುಷ್ಯ ಒಂದೇ ದೇಶದಲ್ಲಿ, ಒಮ್ಮೊಮ್ಮೆ ಒಂದೇ ಬೀದಿಯಲ್ಲಿ ಇದ್ದಾರೆ.

ಇದುವರೆಗೆ ಹೇಳಿದ್ದು ಪಟ್ಟಣದ ಮಾತು. ನಮ್ಮ ತಾಲ್ಲೂಕುಗಳಿಗೆ ಹತ್ತಿರವಾದದ್ದು ಹೊಲದ ಮಾತು. ಹಳ್ಳಿಯ ಕೃಷಿಭೂಮಿಯನ್ನು ಆದಾಯ ತೆರಿಗೆಯ ಕಾನೂನು ಬಂಡವಾಳ ಆಸ್ತಿ ಎಂದೇ ಪರಿಗಣಿಸುವುದಿಲ್ಲ. ಹಾನಗಲ್ಲಿನಂಥ, ಹತ್ತು ಸಾವಿರ ಮೀರಿ ಒಂದು ಲಕ್ಷದೊಳಗಿನ ಜನಸಂಖ್ಯೆಯ ಪುರಸಭೆಯಾದರೆ, ಅದರ ಗಡಿಯಿಂದ ಎರಡು ಕಿಲೋಮೀಟರ್ ದಾಟಿದ ಹೊಲ ಮಾರಿದರೆ ಲಾಭದ ಮೇಲೆ ತೆರಿಗೆಯೇ ಇಲ್ಲ. ಸಾಲಕ್ಕೋ ಮಗಳ ಮದುವೆಗೋ ಹೊಲ ಮಾರುವ ರೈತನನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮ ಅದು. ಯಾರೂ ತಕರಾರು ಮಾಡಲಾರರು.

ಆದರೆ ಆ ನಿಯಮಕ್ಕೆ ಕರ್ನಾಟಕದಲ್ಲಿ ಒಂದು ಬೇಲಿ ಇತ್ತು. 1974ರ ತಿದ್ದುಪಡಿಯಿಂದ ಬಲಗೊಂಡ ಭೂಸುಧಾರಣಾ ಕಾಯ್ದೆ, ಉಳುವವನನ್ನು ಒಡೆಯನನ್ನಾಗಿ ಮಾಡಿದ್ದಲ್ಲದೆ, ಕೃಷಿಕರಲ್ಲದವರು ಮತ್ತು ಬೇರೆ ಮೂಲದಿಂದ ಹೆಚ್ಚು ಆದಾಯವಿರುವವರು ಕೃಷಿಭೂಮಿ ಕೊಳ್ಳದಂತೆ ತಡೆದಿತ್ತು. ನಮೂನೆ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಕೈಮುಗಿದು ನಿಂತು ಗದ್ದೆ ಪಡೆದ ಗೇಣಿದಾರರ ಮೊಮ್ಮಕ್ಕಳು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. 2015ರಲ್ಲಿ ಆದಾಯದ ಮಿತಿಯನ್ನು ಎರಡು ಲಕ್ಷದಿಂದ ಇಪ್ಪತ್ತೈದು ಲಕ್ಷಕ್ಕೆ ಏರಿಸಿದರು. 2020ರಲ್ಲಿ, ಕೊರೊನಾದ ಕಾಲದಲ್ಲಿ, ಮೊದಲು ಸುಗ್ರೀವಾಜ್ಞೆಯಿಂದ, ಆಮೇಲೆ ಡಿಸೆಂಬರಿನಲ್ಲಿ ಶಾಸನಸಭೆಯ ಒಪ್ಪಿಗೆಯಿಂದ, ಆ ಬೇಲಿಯನ್ನೇ ಕಿತ್ತರು. ಯಾರು ಬೇಕಾದರೂ ಹೊಲ ಕೊಳ್ಳಬಹುದು ಎಂದಾಯಿತು. ರೈತನಿಗೂ ಒಳ್ಳೆಯ ಬೆಲೆ ಸಿಗಲಿ ಎಂಬುದು ಸಮರ್ಥನೆ. ಕೆಲವರಿಗೆ ಸಿಕ್ಕಿರಲೂಬಹುದು. ಆದರೆ ನೇಗಿಲಿಗೆಂದು ಕೊಟ್ಟ ತೆರಿಗೆಯ ನೆರಳಿನಲ್ಲಿ ಈಗ ತಂತಿಬೇಲಿಯೂ ನಿಲ್ಲಬಹುದಾಗಿದೆ. ಕೊಂಡ ಹೊಲದಲ್ಲಿ ನಾಲ್ಕು ಸಾಲು ಮಾವಿನ ಸಸಿ ನೆಟ್ಟು, ಕೃಷಿ ಎಂದು ಪಹಣಿಯಲ್ಲಿ ಬರೆಸಿ, ಹತ್ತು ವರ್ಷ ಕಾದು ಮಾರಿದರೆ ಆಯಿತು. ಹೆಸರಿಗೆ ಕೃಷಿಯಾದರೆ ಸಾಲದು ಎಂದು ಸುಪ್ರೀಂ ಕೋರ್ಟು ಸೂರತ್ತಿನ ಒಂದು ಪ್ರಕರಣದಲ್ಲಿ 1993ರಲ್ಲೇ ಹೇಳಿದೆ. ನಿಜವಾಗಿ ಉತ್ತಿದ್ದಾರೆಯೇ, ಎಕರೆ ಲೆಕ್ಕದಲ್ಲಿ ಮಾರಿದರೋ ಗಜದ ಲೆಕ್ಕದಲ್ಲೋ ಎಂಬಂಥ ಸಂಗತಿಗಳನ್ನು ನೋಡಬೇಕು ಎಂಬುದು ಅದರ ಧೋರಣೆ. ಪ್ರತಿ ಹೊಲದ ಬದುವಿನಲ್ಲೂ ನಿಂತು ಅದನ್ನು ನೋಡುವವರು ಯಾರು?

ಹಾಗಾದರೆ ತೆರಿಗೆಯಲ್ಲಿ ಇನ್ಸಾಫ್ ಎಂದರೇನು? ಕೈಗೆ ಬಂದ ಹಣ ಎಷ್ಟು ಎಂಬುದೊಂದೇ ಅಳತೆಯೋ, ಅದು ಹೇಗೆ ಬಂತು ಎಂಬುದನ್ನೂ ಕೇಳಬೇಕೋ?

ಇಲ್ಲಿ ನಮಗೆ ಬಾಲ್ಯದಲ್ಲಿ ಉರ್ದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ಒಂದು ಲೆಕ್ಕ ನೆನಪಾಗುತ್ತದೆ. ಪ್ರವಾದಿ(ಸ)ರು ವಿಧಿಸಿದ ಕಡ್ಡಾಯ ದಾನದ ದರಗಳವು. ನೆಲದಲ್ಲಿ ಹೂತ ನಿಧಿ ಸಿಕ್ಕರೆ ಐದರಲ್ಲಿ ಒಂದು ಪಾಲು. ಮಳೆಯಿಂದ ಬೆಳೆದ ಬೆಳೆಯಲ್ಲಿ ಹತ್ತರಲ್ಲಿ ಒಂದು. ಬಾವಿಯಿಂದ ನೀರೆತ್ತಿ ಬೆಳೆದದ್ದಾದರೆ ಇಪ್ಪತ್ತರಲ್ಲಿ ಒಂದು. ಕೂಡಿಟ್ಟ ಹಣಕ್ಕೂ ವ್ಯಾಪಾರದ ಸರಕಿಗೂ ನಲವತ್ತರಲ್ಲಿ ಒಂದು. ಆಗ ಅದು ಬರೀ ಅಂಕಿ. ಈಗ ನೋಡಿದರೆ ಅದರಲ್ಲಿ ಒಂದು ತತ್ವ ಕಾಣುತ್ತದೆ: ಮನುಷ್ಯನ ಮೆಹನತ್ತು ಹೆಚ್ಚಿದಂತೆ ಸಮಾಜದ ಪಾಲು ಕಡಿಮೆಯಾಗುತ್ತದೆ, ಮೆಹನತ್ತಿಲ್ಲದೆ ಬಂದದ್ದರಲ್ಲಿ ಸಮಾಜದ ಪಾಲು ಹೆಚ್ಚುತ್ತದೆ. ವಾಸದ ಮನೆಗೆ ಜಕಾತ್ ಇಲ್ಲ. ಮಾರುವ ಉದ್ದೇಶದಿಂದ ಕೊಂಡ ಜಾಗಕ್ಕೆ ಪ್ರತಿವರ್ಷವೂ, ಮಾರುಕಟ್ಟೆಯ ಬೆಲೆಯ ಮೇಲೆ, ಶೇ. 2.5. ಸರ್ಕಾರ ಈ ದರಗಳನ್ನೇ ಜಾರಿ ಮಾಡಲಿ ಎಂದು ನಾವು ಹೇಳುತ್ತಿಲ್ಲ. ಈ ಏಣಿಯ ಮೆಟ್ಟಿಲುಗಳ ಕ್ರಮ ನೋಡಿ ಎನ್ನುತ್ತೇವೆ. ನಮ್ಮ ಕಾನೂನಿನಲ್ಲಿ ಏಣಿ ತಲೆಕೆಳಗಾಗಿದೆ.

ಇದು ಒಂದು ಧರ್ಮದವರಿಗೆ ಮಾತ್ರ ಹೊಳೆದ ಮಾತೂ ಅಲ್ಲ. ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದ ಶರಣರ ನಾಡು ಇದು. ನಮ್ಮ ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರಿಗೆ ನೆಲದಲ್ಲಿ ಹೊನ್ನಿನ ನಿಧಿ ಸಿಕ್ಕಿತು, ಅದನ್ನು ಅವರು ಕಾಗಿನೆಲೆಯ ದೇವಾಲಯಕ್ಕೂ ಜನರಿಗೂ ವಿನಿಯೋಗಿಸಿದರು ಎಂಬುದು ಐತಿಹ್ಯ. ಅಗೆದಾಗ ಸಿಕ್ಕ ಹೊನ್ನು ತನ್ನ ಒಬ್ಬನ ದುಡಿಮೆಯಲ್ಲ ಎಂಬ ಅರಿವು ಆ ಕಥೆಯಲ್ಲಿದೆ. ಪ್ಲಾಟಿನ ಬೆಲೆ ಏರುವುದೂ ಒಂದು ನಿಧಿಯೇ. ನಮ್ಮ ಮೂರು ಲಕ್ಷ ಹನ್ನೆರಡಾದದ್ದು ನಮ್ಮಿಂದಲ್ಲ. ರಸ್ತೆ ಅಗಲವಾಯಿತು, ವಿದ್ಯುತ್ ಕಂಬ ಬಂತು, ನೀರಿನ ಪೈಪು ಬಂತು, ಅಕ್ಕಪಕ್ಕ ಜನ ಮನೆ ಕಟ್ಟಿದರು. ಅದಕ್ಕೆಲ್ಲ ಹಣ ಕೊಟ್ಟವರಲ್ಲಿ ಸಿಮೆಂಟಿನ ಚೀಲಕ್ಕೆ ತೆರಿಗೆ ಕಟ್ಟಿದ ಗೌಂಡಿಯೂ ಇದ್ದಾನೆ. ತಾನೇ ಏರಿಸಿದ ಬೆಲೆಯನ್ನು ತಾನೇ ತೆರಲಾಗದೆ ಅವನು ನಮ್ಮ ಬಾಗಿಲಿಗೆ ಬಂದಿದ್ದ. ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಾದಿಸಿದ್ದೂ ಇದನ್ನೇ: ನೆಲದ ಬೆಲೆಯನ್ನು ಸಮಾಜ ಸೃಷ್ಟಿಸುತ್ತದೆ, ಆದ್ದರಿಂದ ತೆರಿಗೆ ಮೊದಲು ಬೀಳಬೇಕಾದದ್ದು ಅದರ ಮೇಲೆ, ದುಡಿಮೆಯ ಮೇಲಲ್ಲ.

ಎದುರು ಮಾತುಗಳು ನಮಗೆ ಗೊತ್ತಿಲ್ಲದೆ ಇಲ್ಲ. ಅವು ನಮ್ಮ ಮನೆಯಲ್ಲೇ ಹುಟ್ಟಿದ ಮಾತುಗಳು. 2006ರ ಏಪ್ರಿಲ್ ನಂತರ ರಾಜ್ಯ ಸರ್ಕಾರದ ನೌಕರಿಗೆ ಸೇರಿದ ನಮ್ಮಂಥವರನ್ನು ಹಳೆಯ ಪಿಂಚಣಿಯ ಹೊರಗಿಟ್ಟರು. ಮುಪ್ಪಿಗೆ ಏನು ಎಂದು ಹೆದರಿದವರು ಪ್ಲಾಟು ಕೊಂಡರು. ಗಂಡ ತೀರಿಕೊಂಡ ಹೆಂಗಸಿಗೆ ಬಾಡಿಗೆಯ ಎರಡು ಕೋಣೆಗಳೇ ಅನ್ನ. ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಹೆಸರು ಕೇಳಿದ ಕೂಡಲೇ ಖಾಲಿ ಮನೆ 'ಈಗಷ್ಟೇ ಕೊಟ್ಟಾಯಿತು' ಆಗುವ ಅನುಭವ ನಮ್ಮ ಸಮುದಾಯಕ್ಕೂ ದಲಿತರಿಗೂ ಹೊಸದಲ್ಲ. ಸ್ವಂತ ನೆಲದ ಹಂಬಲ ಅಲ್ಲಿಂದಲೂ ಬರುತ್ತದೆ. ಬಾಡಿಗೆಗೆ ಮನೆ ಕಟ್ಟಿಸುವವರೇ ಇಲ್ಲದಿದ್ದರೆ ಗೌಂಡಿ ಈಗ ಇರುವ ಒಂದೂವರೆ ಕೋಣೆಯೂ ಇರುತ್ತಿರಲಿಲ್ಲ. ಇವೆಲ್ಲ ನಿಜ. ಆದರೆ ಇವೆಲ್ಲ ಒಂದು ಸಣ್ಣ ಭದ್ರತೆಯ ಪರವಾದ ವಾದಗಳು, ಹತ್ತು ಕೋಟಿಯ ಪರವಾದವಲ್ಲ. ವಿಧವೆಯ ಎರಡು ಕೋಣೆಯನ್ನು ಮುಂದೆ ನಿಲ್ಲಿಸಿ ಅವಳ ಬೆನ್ನ ಹಿಂದೆ ಇಡೀ ಲೇಔಟು ಅಡಗಿ ಕೂರುತ್ತದೆ.

ಬೇರೆ ದೇಶಗಳೂ ಈ ಗಂಟು ಬಿಡಿಸಲು ಹೋಗಿ ಕೈ ಸುಟ್ಟುಕೊಂಡಿವೆ. ಆಸ್ಟ್ರೇಲಿಯಾ 1985ರಲ್ಲಿ ಬಾಡಿಗೆ ಮನೆಯ ನಷ್ಟವನ್ನು ಸಂಬಳದಿಂದ ಕಳೆಯುವುದನ್ನು ನಿಲ್ಲಿಸಿ, 1987ರಲ್ಲಿ ಮತ್ತೆ ತಂದಿತು. ನ್ಯೂಜಿಲೆಂಡ್ 2021ರಲ್ಲಿ ಹೂಡಿಕೆದಾರರ ಬಡ್ಡಿ ವಿನಾಯಿತಿ ಕಿತ್ತುಕೊಳ್ಳಲು ಹೊರಟಿತು. ಸರ್ಕಾರ ಬದಲಾದ ಮೇಲೆ 2025ರ ಹೊತ್ತಿಗೆ ಪೂರ್ತಿ ಮರಳಿ ಕೊಟ್ಟಿತು. ಬ್ರಿಟನ್ ಮಾತ್ರ 2017ರಿಂದ 2020ರವರೆಗೆ ಹಂತಹಂತವಾಗಿ ಕಡಿತಗೊಳಿಸಿ, ಮನೆಮಾಲೀಕ ಎಷ್ಟೇ ಶ್ರೀಮಂತನಾಗಿದ್ದರೂ ಬಡ್ಡಿಯ ವಿನಾಯಿತಿ ಕನಿಷ್ಠ ದರವಾದ ಶೇ. 20ರಷ್ಟು ಮಾತ್ರ ಎಂದು ಮಾಡಿತು. ಸರ್ಕಾರಗಳು ಹಿಂದೆ ಸರಿಯುವುದು ಬರೀ ಬಿಲ್ಡರುಗಳ ಭಯದಿಂದಲ್ಲ. ಒಂದು ಪ್ಲಾಟು, ಒಂದು ಬಾಡಿಗೆ ಮನೆ ಇರುವ ನಮ್ಮಂಥ ಲಕ್ಷಾಂತರ ಮತದಾರರ ಭಯದಿಂದ.

ಆದ್ದರಿಂದ ಕೊನೆಗೆ ನಮ್ಮ ವಿಷಯಕ್ಕೇ ಬರಬೇಕು. ನಮ್ಮ ಪ್ಲಾಟಿಗೆ ಇಷ್ಟು ದಿನ ಎರಡು ನಿಯ್ಯತ್ತು ಇದ್ದವು. ರಂಜಾನಿನಲ್ಲಿ ಜಕಾತಿನ ಲೆಕ್ಕ ಹಾಕುವಾಗ, "ಅದು ಮನೆ ಕಟ್ಟಲು ಇಟ್ಟ ಜಾಗ" ಎಂದು ಬಿಟ್ಟುಬಿಡುತ್ತಿದ್ದೆವು. ದಲ್ಲಾಳಿ ಬಂದಾಗ, "ಅವಸರವಿಲ್ಲ, ಇನ್ನೂ ಏರಲಿ" ಎನ್ನುತ್ತಿದ್ದೆವು. ಅಲ್ಲಾಹನಿಗೆ ಒಂದು ಉತ್ತರ, ಮಾರುಕಟ್ಟೆಗೆ ಒಂದು ಉತ್ತರ. ತೆರಿಗೆಯ ಕಾನೂನಿನಲ್ಲಿ ಹುಳುಕು ಹುಡುಕುವುದು ಸುಲಭ; ಆ ಹುಳುಕು ಮೊದಲು ನಮ್ಮ ಮನಸ್ಸಿನಲ್ಲಿ ಗೂಡು ಕಟ್ಟಿರುತ್ತದೆ. ಕಾನೂನು ಮಾಡುವವರೂ ನಮ್ಮ ಹಾಗೆಯೇ ಒಂದು ಜಾಗಕ್ಕೆ ಎರಡು ಹೆಸರು ಇಟ್ಟಿದ್ದಾರೆ: ರಿಯಾಯಿತಿ ಕೊಡುವಾಗ 'ಸೂರು', ಮಾರುವಾಗ 'ಹೂಡಿಕೆ'.

ಪಾಳುಭೂಮಿಗೆ ಗುರುತಿನ ಕಲ್ಲು ನೆಟ್ಟು ಮೂರು ವರ್ಷ ಸುಮ್ಮನೆ ಬಿಟ್ಟವನಿಗೆ ಅದರ ಮೇಲೆ ಹಕ್ಕು ಉಳಿಯುವುದಿಲ್ಲ ಎಂಬ ನಿಯಮವನ್ನು ಎರಡನೆಯ ಖಲೀಫ ಉಮರ್(ರ)ರ ಹೆಸರಿನಲ್ಲಿ ಫಿಕ್ಹ್ ಗ್ರಂಥಗಳು ಹೇಳುತ್ತವೆ. ಅದು ಒಡೆಯರಿಲ್ಲದ ಭೂಮಿಯ ಮಾತು, ಹಣ ಕೊಟ್ಟು ನೋಂದಣಿ ಮಾಡಿಸಿದ ಪ್ಲಾಟಿಗೆ ಅನ್ವಯಿಸುವುದಿಲ್ಲ ಎಂದು ನಮಗೆ ಗೊತ್ತು. ಆದರೂ ನಾಲ್ಕು ಕಲ್ಲು ನೆಟ್ಟು ಮೂರಲ್ಲ, ಹತ್ತಕ್ಕೂ ಹೆಚ್ಚು ವರ್ಷ ಕಾದು ಕೂತ ನಮಗೆ ಆ ಸಾಲು ಓದಿದಾಗ ನಾಚಿಕೆಯಾಯಿತು.

ಸರ್ಕಾರವನ್ನು ಕೇಳಬೇಕಾದದ್ದು ಹೆಚ್ಚೇನಿಲ್ಲ. ವಾಸದ ಒಂದು ಮನೆಗೆ, ಅದು ಸಾಲದ್ದಾಗಲಿ ಸ್ವಂತ ದುಡ್ಡಿನದಾಗಲಿ, ರಿಯಾಯಿತಿ ಇರಲಿ. ಅದರಾಚೆಯ ನೆಲದ ಲಾಭಕ್ಕೆ, ಹಣದುಬ್ಬರದ ಪಾಲು ಕಳೆದು, ಸಂಬಳಕ್ಕಿರುವ ದರವೇ ಇರಲಿ. ಖಾಲಿ ಬಿಟ್ಟ ನಿವೇಶನ ಕಟ್ಟಿದ ಮನೆಗಿಂತ ಹೆಚ್ಚು ತೆರಲಿ. ಹೊಲದ ವಿನಾಯಿತಿ ಉತ್ತವರಿಗೆ ಇರಲಿ. ಹೀಗೆ ಬರೆಯುವಾಗ ನಮ್ಮ ಪ್ಲಾಟಿಗೂ ಏಟು ಬೀಳುತ್ತದೆ ಎಂದು ತಿಳಿದೇ ಬರೆದಿದ್ದೇವೆ. ಏಟು ತನಗೆ ಬೀಳದ ನ್ಯಾಯವನ್ನು ಯಾರು ಬೇಕಾದರೂ ಕೇಳಬಹುದು.

ಬಿಟ್ಟ ವರ್ಷಗಳ ಜಕಾತನ್ನು ಲೆಕ್ಕ ಹಾಕಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇವೆ. ಮೊದಲ ಕಂತು ಕೊಟ್ಟಾಗಿದೆ. ಗೌಂಡಿಗೆ ಇನ್ನೂ ಉತ್ತರ ಹೇಳಿಲ್ಲ. ಮೂರು ಲಕ್ಷಕ್ಕೆ ಕೊಡುವಷ್ಟು ದೊಡ್ಡವರು ನಾವಲ್ಲ, ಹನ್ನೆರಡು ಲಕ್ಷ ಕೇಳುವ ಬಾಯಿಯೂ ಈಗ ಇಲ್ಲ. ನಡುವೆ ಎಲ್ಲಿ ನಿಲ್ಲಬೇಕು ಎಂದು ಮನೆಯಲ್ಲಿ ದಿನವೂ ಮಾತಾಗುತ್ತಿದೆ. ಅವನು ಸದ್ಯ ನಮ್ಮ ಪಕ್ಕದ ಪ್ಲಾಟಿನಲ್ಲಿ ಬೇರೆ ಯಾರದೋ ಮನೆಗೆ ಪಾಯ ತೆಗೆಯುತ್ತಿದ್ದಾನೆ. ಮಧ್ಯಾಹ್ನ ಊಟಕ್ಕೆ ಕೂರುವುದು ಮಾತ್ರ ನಮ್ಮ ಜಾಗದ ಬೇವಿನ ಗಿಡದ ಕೆಳಗೆ.